ಕೈ ಮುಗಿಯುವ ಪಿಕಪ್

ಹೆಂಡತಿ ಜಗಳವಾಡಿದರೆ ಊಟ ತಡವಾದೀತು, ಅಷ್ಟೇ. ಮಾತು ಬಿಟ್ಟಳೆಂದರೆ ಮನೆಯ ಕಂಬಕ್ಕೂ ಕೆಲಸ ಹತ್ತುತ್ತದೆ. ದುಂಡಸಿಯ ಉಳಿವೆಪ್ಪನ ಪಡಸಾಲೆಯ ಕಂಬಕ್ಕೆ ಹತ್ತಿದ್ದು ಹಾಗೆಯೇ.

“ಏ ಕಂಬಾ, ರೊಟ್ಟಿ ಹಚ್ಚೇನಿ. ತಿನ್ನಾವರು ತಿನ್ಲಿ,” ಎನ್ನುತ್ತಿದ್ದಳು ಅವನ ಹೆಂಡತಿ ದುರಗವ್ವ.

“ಕಂಬಾ, ಪಲ್ಯಾಕ ಉಪ್ಪಿಲ್ಲಂತ ಹೇಳು,” ಎನ್ನುತ್ತಿದ್ದ ಇವನು.

“ಇಷ್ಟು ದಿನ ಉಪ್ಪು ತಿಂದವರಿಗೆ ನೆನಪೂ ಇರಬೇಕಿತ್ತಂತ ಹೇಳು.”

ಇದಕ್ಕೆಲ್ಲ ಮೂಲ ಆ ಪಿಕಪ್. ಮೆಣಸಿನಕಾಯಿ ಚೀಲಗಳನ್ನು ಹಾನಗಲ್ ಪೇಟೆಗೆ ಒಯ್ಯಲೆಂದು ಮಿಲಿಟರಿಯ ಲಿಲಾವಿನಲ್ಲಿ ಹಿಡಿದ ಹಳೆಯ ಗಾಡಿ. ದುರಗವ್ವನ ತಮ್ಮ, ಕಡ್ಡಿಯಂಥ ಗೋಣೆಪ್ಪ, ಅದರ ಡ್ರೈವರ್. (ಮಾಲೀಕನಾದವನು ಸ್ಟೇರಿಂಗ್ ಮುಟ್ಟಬಾರದೆಂಬುದು ಉಳಿವೆಪ್ಪನ ಘನತೆಯ ಪ್ರಶ್ನೆ. ನಡೆಸಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.) ಗಾಡಿಗೆ ಒಂದೇ ಐಬು: ಖಾಲಿ ಇದ್ದಾಗಲೇ ಮುಂದೆ ತುಸು ತಗ್ಗು, ಮೂವರು ಕುಳಿತರಂತೂ ಮೂಗು ನೆಲಕ್ಕೇ ಬಾಗುತ್ತಿತ್ತು. ಹಾನಗಲ್ಲಿನ ಚಹಾದಂಗಡಿಯ ಬಾಬಾಜಾನ ಒಮ್ಮೆ ಅದನ್ನು ನೋಡಿ, “ಯಜಮಾನ್ರ, ನಿಮ್ಮ ಗಾಡಿ ಯಾರಿಗೆ ಕೈ ಮುಗಿಯಾಕತ್ತೈತ್ರಿ?” ಎಂದ.

ಉಳಿವೆಪ್ಪ ಮೀಸೆ ತಿರುವಿ, ಇಡೀ ಪೇಟೆಗೆ ಕೇಳುವ ಹಾಗೆ, “ನಮ್ಮನಿಯಾಕಿ ಮುಂದ ಕುಂತ್ರ ಗಾಡಿ ಕೈ ಮುಗಿತೈತಪಾ!” ಎಂದುಬಿಟ್ಟ.

ಪೇಟೆಯೆಲ್ಲ ನಕ್ಕಿತು. ಗಾಡಿಯೊಳಗೇ ಕುಳಿತಿದ್ದ ದುರಗವ್ವ ನಗಲಿಲ್ಲ. ಸೆರಗು ಎಳೆದುಕೊಂಡು ಇಳಿದಳು, ಬಸ್ಸು ಹಿಡಿದು ಊರು ಸೇರಿದಳು, ಕಂಬದ ಮುಂದೆ ನಿಂತು ಪ್ರತಿಜ್ಞೆ ಮಾಡಿದಳು: “ಅದರ ಮೂತಿ ನೆಟ್ಟಗಾಗೂತನಕ ನಾ ಆ ಗಾಡಿ ಹತ್ತಾಕಿ ಅಲ್ಲ. ಗಾಡಿ ಮಾಲಕರ ಕೂಡ ಮಾತಾಡಾಕಿನೂ ಅಲ್ಲ.”

ಬರುವ ಸೋಮವಾರ ಹಿರೇಕೆರೂರಿನಲ್ಲಿ ಅವಳ ತಂಗಿಯ ಕೂಸಿನ ತೊಟ್ಟಿಲು. ಅಲ್ಲಿಗೆ ಗಂಡ ಒಂದು ದಾರಿ, ಹೆಂಡತಿ ಒಂದು ದಾರಿ ಹೋದರೆ ಬೀಗರು ಸುಮ್ಮನಿದ್ದಾರೆಯೇ? ಅದಕ್ಕಿಂತ ಹೆಚ್ಚಾಗಿ, ಹೆಂಡತಿಯ ಬೈಗುಳವಿಲ್ಲದ ಮನೆ ಭಣಭಣ ಎನ್ನುತ್ತಿತ್ತು. ಉಳಿವೆಪ್ಪನಿಗೆ ನಿಜವಾಗಿಯೂ ಸಂಕಟವಾಯಿತು.

ಅವನು ಹುಟ್ಟಾ ಎತ್ತಿನ ಚಕ್ಕಡಿ ಹೊಡೆದವನು. ಚಕ್ಕಡಿ ಮುಂಭಾರವಾದರೆ ಹಿಂದೆ ಹೇರಬೇಕು, ನೊಗ ತಾನೇ ಏಳುತ್ತದೆ; ಅಪ್ಪ ಕಲಿಸಿದ ವಿದ್ಯೆ. ಪಿಕಪ್ಪಿನ ಹಿಂದೆ ಕಲ್ಲು ಹೇರಿಸಿದ. ಹಿಂಭಾಗ ಎಮ್ಮೆಯ ಹಾಗೆ ಕುಳಿತಿತು. ಮುಂಭಾಗ ಏಳಲಿಲ್ಲ.

ಕೊನೆಗೆ ಸವಣೂರಿನಿಂದ ಮಜೀದ ಮಿಸ್ತ್ರಿ ಬಂದ. ಗಾಡಿಯ ಕೆಳಗೆ ತೂರಿ ನೋಡಿ, “ನಾಕು ಗಾಲಿ ಅದಾವ್ರಿ, ಇದು ಚಕ್ಕಡಿ ಅಲ್ಲ. ಭಾರ ಹೊರೂ ಕಮಾನ ಸೋತಾವು. ಇನ್ನಷ್ಟು ಉಕ್ಕಿನ ಪಟ್ಟಿ ಕೂಡಸಬೇಕು. ಎಷ್ಟು ಅಂತ ತಿಳೀಬೇಕಂದ್ರ ಕುಂದ್ರಾವರ ಭಾರ ಇಟ್ಟು ನೋಡಬೇಕ್ರಿ,” ಎಂದ.

ಗೋಣೆಪ್ಪ ತನ್ನ ಜಾಗದಲ್ಲಿ ಕುಳಿತ. ದುರಗವ್ವನಿಗೆ ಹತ್ತು ಎನ್ನುವ ಗಂಡೆದೆ ಯಾರಿಗಿತ್ತು? ಉಳಿವೆಪ್ಪ ಬಹಳ ಗಂಭೀರವಾಗಿ ಆಲೋಚಿಸಿ, ತುಂಬಿದ ಜೋಳದ ಚೀಲವೊಂದನ್ನು ತರಿಸಿ ಅವಳ ಜಾಗದಲ್ಲಿ ಕೂಡಿಸಿದ. ಉರುಳದಿರಲೆಂದು ಹಗ್ಗವನ್ನೂ ಬಿಗಿದ. ಅಷ್ಟರಲ್ಲಿ ದುರಗವ್ವ ಹೊರಗೆ ಬಂದಳು.

“ಮಿಸ್ತ್ರಿ, ನನ್ನ ಜಾಗಾದಾಗ ಕುಂತಾಕಿ ಯಾರು?”

“ಅಕ್ಕಾರ... ಅದು ನೀವ್ರಿ,” ಎಂದ ಮಜೀದ, ತಲೆ ತಗ್ಗಿಸಿ. “ಯಜಮಾನ್ರ ಅಂದಾಜು.”

ದುರಗವ್ವ ಚೀಲವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೆರಗು ಸಿಕ್ಕಿಸಿ, ಅದರ ಬಾಯಿ ಬಿಚ್ಚಿ, ಸೇರಿನಿಂದ ಜೋಳ ತೋಡಿ ಬುಟ್ಟಿಗೆ ಸುರಿಯತೊಡಗಿದಳು. ಬುಟ್ಟಿ ತುಂಬಿತು. ಇನ್ನೊಂದು ತಂದಳು. ಅದೂ ತುಂಬಿತು.

“ಹ್ವಾದ ವರ್ಷ ಹರಕಿಗೆ ನಂದು ಬೆಲ್ಲದ ತುಲಾಭಾರ ಆಗೇತಿ, ಮಿಸ್ತ್ರಿ. ಬೆಲ್ಲ ತಂದವರಿಗೆ ಮರ್ತಿರಬೇಕು, ತಕ್ಕಡ್ಯಾಗ ಕುಂತಾಕಿಗೆ ಮರ್ತಿಲ್ಲ. ನೋಡು, ನಾ ಇಷ್ಟ. ಬಾಯಿ ಕಟ್ಟು.”

ಮಜೀದ ಚೀಲದ ಬಾಯಿ ಕಟ್ಟಿದ. ಉಳಿವೆಪ್ಪ ತನ್ನದನ್ನು ಕಟ್ಟಿಕೊಂಡ.

ಆಮೇಲೆ ಗಾಡಿಗೆ ಜಾಕ್ ಕೊಟ್ಟು ಎತ್ತಿ, ಕಮಾನು ಬಿಚ್ಚಿ, ಪಟ್ಟಿ ಕೂಡಿಸಿ, ಬೋಲ್ಟು ಬಿಗಿದು ಇಳಿಸಿದರು. ಗೋಣೆಪ್ಪನನ್ನೂ ಚೀಲವನ್ನೂ ಮತ್ತೆ ಮುಂದೆ ಕೂಡಿಸಿ, ಡ್ರೈವರ್ ಕಡೆ ಹತ್ತುವ ಪಾವಟಿಗೆಯ ಮೇಲೆ ತಾಟಿನಲ್ಲಿ ನೀರಿಟ್ಟರು. ನೀರು ಯಾವ ಕಡೆಗೂ ವಾಲಲಿಲ್ಲ. ಉಳಿವೆಪ್ಪ ದೂರದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, “ಹಾಂ, ಈಗ ನೆಟ್ಟಗಾತು,” ಎಂದು ಅಪ್ಪಣೆ ಕೊಡಿಸಿದ.

ಸೋಮವಾರ ಬೆಳಿಗ್ಗೆ ದುರಗವ್ವ ಇಳಕಲ್ ಸೀರೆಯುಟ್ಟು, ಕೂಸಿನ ಕುಲಾಯಿ ಕುಂಚಿಗೆಯ ಗಂಟು ಹಿಡಿದು ತಮ್ಮನ ಪಕ್ಕ ಕುಳಿತಳು. ಓಣಿಯ ಮಂದಿ ನೆರೆದು ನೋಡಿದರು. ಗಾಡಿ ನೆಟ್ಟಗೆ ನಿಂತಿತ್ತು, ಪಾವಟಿಗೆಯ ಮೇಲೆ ಮತ್ತೆ ಇಟ್ಟ ತಾಟಿನ ನೀರು ಮಿಸುಕಲಿಲ್ಲ. ಉಳಿವೆಪ್ಪ ವಿಜಯಶಾಲಿಯಾಗಿ ರುಮಾಲು ಸರಿಮಾಡಿಕೊಂಡು ತಾನೂ ಹತ್ತಿದ.

ಕಮಾನು ಕಿರ್ರೆಂದಿತು. ಮೂಗು ಬಾಗಿತು. ತಾಟಿನ ನೀರು ಮುಂದಕ್ಕೆ ಚೆಲ್ಲಿತು.

ಇಳಿದ, ಮೂಗು ಎದ್ದಿತು. ಮತ್ತೆ ಹತ್ತಿದ, ಬಾಗಿತು.

“ಮಾವ,” ಎಂದ ಗೋಣೆಪ್ಪ ಮೆಲ್ಲಗೆ, “ಭಾರ ಇಟ್ಟು ನೋಡುವಾಗ ನೀವು ಹೊರಗ ನಿಂತಿದ್ರಿ.”

ಹೆಂಡತಿಯ ಭಾರವನ್ನು ಚೀಲದಲ್ಲಿ ಅಳೆದ ಮಹಾಶಯ ತನ್ನದನ್ನು ಮರೆತೇಬಿಟ್ಟಿದ್ದ! ದುರಗವ್ವ ಪ್ರತಿಜ್ಞೆಯ ನಂತರ ಮೊದಲ ಸಲ ಗಂಡನ ಮುಖ ನೋಡಿ ಮಾತಾಡಿದಳು: “ಹಿಂದ ಹತ್ರಿ.” ಆಮೇಲೆ ಗಂಟಿನಿಂದ ಒಂದು ವಸ್ತ್ರ ತೆಗೆದು ಕೊಟ್ಟಳು. “ಧೂಳಿ ಭಾಳ ಐತಿ, ಮಾರಿಗೆ ಕಟ್ಕೋರಿ.”

ಅಷ್ಟು ಮಾತಿಗೇ ಉಳಿವೆಪ್ಪ ಇಳಿದು, ವಸ್ತ್ರವನ್ನು ಮುಖಕ್ಕೆ ಸುತ್ತಿಕೊಂಡ. ಹಿಂದೆ ಹತ್ತಿ, ತೊಟ್ಟಿಲಿಗೆ ಒಯ್ಯುವ ಗಂಟುಗಳ ನಡುವೆ ಕುಳಿತ.

ಹಾನಗಲ್ಲಿನಲ್ಲಿ ದುರಗವ್ವ ಗಾಡಿಯನ್ನು ಚಹಾದಂಗಡಿಯ ಮುಂದೆಯೇ ನಿಲ್ಲಿಸಿದಳು. ಬಾಬಾಜಾನ ಓಡಿ ಬಂದ.

“ಅಕ್ಕಾರ, ಗಾಡಿ ಭಾರಿ ನೆಟ್ಟಗಾಗೇತಲ್ರಿ! ಯಜಮಾನ್ರು ಬರಲಿಲ್ಲೇನ್ರಿ?”

ಹಿಂದೆ ಕೆಂಪು ಧೂಳಿನಲ್ಲಿ ಮುಳುಗಿದ್ದ ಯಜಮಾನ, ‘ಬಂದಿಲ್ಲ ಅನ್ನಲಿ’ ಎಂದು ಉಳವಿ ಬಸವಣ್ಣನಿಗೆ ಹರಕೆ ಹೊತ್ತ. ದುರಗವ್ವ ಇಡೀ ಪೇಟೆಗೆ ಕೇಳುವ ಹಾಗೆ ಹೇಳಿದಳು:

“ಹಿಂದ ಅದಾರಪಾ. ಅವರು ಮುಂದ ಕುಂತ್ರ ಗಾಡಿ ಕೈ ಮುಗಿತೈತಿ.”

ಪೇಟೆಯೆಲ್ಲ ನಕ್ಕಿತು. ಈ ಸಲ ದುರಗವ್ವನೂ ನಕ್ಕಳು. ಉಳಿವೆಪ್ಪ ವಸ್ತ್ರ ಸರಿಸಿ, ಕುಳಿತಲ್ಲಿಂದಲೇ ಅವಳಿಗೆ ಕೈ ಮುಗಿದ.