ದೋಣಿಗೆ ಮಾಲೆ ಕಟ್ಟುವ ಕೆಲಸದಿಂದ ನನ್ನನ್ನು ತೆಗೆದ ಬಗ್ಗೆ

ಇಂದ: ಇಂತಾ ವೊಂಗ್‌ಸಾ, ಮಾಲೆಗಾರ, ಸದ್ಯ ಅಮಾನತಿನಲ್ಲಿ, ನಾನ್ ನದಿಯ ಎಡದಂಡೆ.

ಗೆ: ಅಧ್ಯಕ್ಷರು, ಬೌದ್ಧ ವಿಹಾರದ ದೋಣಿ ಸಮಿತಿ.

ವಿಷಯ: ಈ ವರ್ಷದ ದೋಣಿ ಪಂದ್ಯಕ್ಕೂ ನಾನೇ ಮಾಲೆ ಕಟ್ಟಲು ಅಪ್ಪಣೆ ಕೋರಿ.

ಉಲ್ಲೇಖ: ಭಿಕ್ಷುಗಳ ಊಟವಾದ ಮೇಲೆ ತಾವು ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ.

ಮಾನ್ಯರೇ,

ನಮ್ಮ ದೋಣಿಯ ಮುಂತುದಿಯಲ್ಲಿ ಕೆತ್ತಿದ ನಾಗನ ಕೊರಳಿಗೆ ಮಾಲೆ ಕಟ್ಟುತ್ತಿದ್ದವಳು ನನ್ನ ಹೆಂಡತಿ ಬುವಾಚುಮ್. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಆಮೇಲಿನ ಪಂದ್ಯಕ್ಕೆ ನಾನು ಕಟ್ಟಿದೆ; ದೋಣಿ ಸೋತಿತು. ಆ ಕಾರಣ, ಗೆದ್ದ ಎದುರುದಂಡೆಯ ಊರಿನ ಮಾಲೆಗಾರ್ತಿಯನ್ನೇ ಈ ಸಲ ಕರೆಸುವುದೆಂದು ಸಮಿತಿ ತೀರ್ಮಾನಿಸಿದೆ. ಈ ಬಗ್ಗೆ ನನ್ನ ಅರಿಕೆ:

೧. ಬುವಾಚುಮ್ ಇದ್ದ ಕಾಲದಲ್ಲಿ ಗೆದ್ದಾಗ ಮಾಲೆಯ ಮಹಿಮೆ ಎಂದಿರಿ, ಸೋತಾಗ ನದಿಯ ಸೆಳವು ಎಂದಿರಿ. ನನ್ನ ಕಾಲಕ್ಕೆ ನದಿ ಹೇಗೆ ನಿರ್ದೋಷಿಯಾಯಿತೋ ತಿಳಿಯದು.

೨. ಎದುರುದಂಡೆಯಾಕೆ ಕಟ್ಟಿದ ಮಾಲೆ ತೊಟ್ಟೇ ಆ ಊರಿನ ದೋಣಿ ಹಿಂದೆ ಬಹುಕಾಲ ಸೋತಿದೆ. ಆದ್ದರಿಂದ ಆಕೆಯ ಗೆದ್ದ ಕೈಯನ್ನು ಮಾತ್ರ ಕರೆಸತಕ್ಕದ್ದು.

೩. ಹೋದ ವರ್ಷದ ಪಂದ್ಯದ ಹಿಂದಿನ ದಿನ ಹುಟ್ಟುಗಾರರ ಮುಖಂಡ ಸೊಮ್ನುಕನ ತಂಗಿಯ ಮದುವೆಯಿತ್ತು. ದೋಣಿ ಹತ್ತುವಾಗ ಒಬ್ಬೊಬ್ಬನೂ ತುಂಬು ಬಸುರಿಯಂತೆ ಸೊಂಟ ಹಿಡಿದಿದ್ದ.

"ಏನಪ್ಪಾ, ಹೊಟ್ಟೆ ಭಾರಾನಾ?" ಎಂದೆ.

"ಹೊಟ್ಟೆಯಲ್ಲ ತಾತಾ, ನಿಮ್ಮ ಕೈ ಭಾರ. ಹೂವು ನೋಡಿ, ಹೆಂಗೆ ಸೊಟ್ಟಗಿದೆ," ಎಂದ ಸೊಮ್ನುಕ್.

"ಹಂದಿಮಾಂಸ ಎಷ್ಟು ತಿಂದ್ಯೋ?"

"ಅದ್ಯಾಕೆ ಕೇಳ್ತೀರಿ? ಅಜ್ಜಿ ಇದ್ದಾಗ ತಿಂದೇ ಗೆಲ್ತಿದ್ವಿ."

ಹೂವು ಸೊಟ್ಟಗಿದ್ದದ್ದು ನಿಜ.

೪. ದೋಣಿಯ ಮರದಲ್ಲಿ ನೆಲೆಸಿದ ದೋಣಿಯಮ್ಮನೆದುರು ಬುವಾಚುಮ್ ಬಹಳ ಹೊತ್ತು ಕೈಮುಗಿದು ನಿಲ್ಲುತ್ತಿದ್ದಳು. ಒಮ್ಮೆ ಕೇಳಿದೆ: "ಅಷ್ಟೊತ್ತು ಏನೇ ಬೇಡ್ಕೊಳ್ತೀಯ? ಗೆಲ್ಸು ಅಂತಾನಾ?"

"ಗೆಲ್ಲೋದು ಅವರ ತೋಳಿನ ಕೆಲ್ಸ. ಹತ್ತಿದ ಹುಡುಗ್ರೆಲ್ಲ ಇಳಿದು ಬರ್ಲಿ ಅಂತೀನಿ, ಅಷ್ಟೆ. ಸಮಿತಿಯವ್ರಿಗೆ ಹೇಳ್ಬೇಡಿ, ಬೇಜಾರು ಮಾಡ್ಕೊಳ್ತಾರೆ."

ಹೋದ ವರ್ಷ ನಾನೂ ಅಷ್ಟೇ ಕೇಳಿದೆ. ಎಲ್ಲರೂ ಇಳಿದು ಬಂದರು. ಸೊಮ್ನುಕ್ ತುಸು ನಿಧಾನವಾಗಿ. ಎದುರುದಂಡೆಯಾಕೆ ಬಂದರೆ ಗೆಲುವನ್ನೇ ಕೇಳುವಳು. ಹುಡುಗರ ಪರವಾಗಿ ಇದನ್ನು ಕೇಳುವವರು ಇನ್ನು ನಾನೊಬ್ಬನೇ.

ಆದ್ದರಿಂದ, ಗೆಲುವಿಗೆ ಬೇಕಾದ ಮಾಲೆಯನ್ನು ತಾವು ಅವಶ್ಯ ಎದುರುದಂಡೆಯಿಂದ ತರಿಸಿಕೊಳ್ಳಿ. ಅದರ ಕೆಳಗೆ ನನ್ನದೊಂದನ್ನೂ ಕಟ್ಟಗೊಡಬೇಕು. ನಾಗನ ಕೊರಳು ಉದ್ದವಿದೆ, ಇಬ್ಬರದೂ ಹಿಡಿಸುತ್ತದೆ.

ಸೋತರೂ ತಮ್ಮ ವಿಶ್ವಾಸಿ,
ಇಂತಾ ವೊಂಗ್‌ಸಾ

ಲಗತ್ತು: ಚೆಂಡುಹೂವಿನ ಮಾಲೆ, ಮಾದರಿಗಾಗಿ, ಒಂದು.

ವಿ.ಸೂ.: ಹೂವು ಬಾಡುವುದರೊಳಗೆ ಸಮಿತಿ ಸಭೆ ಸೇರತಕ್ಕದ್ದು.