ಎಲ್ಲಿಂದ ಎತ್ತಿದ್ದು, ಬರೆಯಿರಿ

ಮಕ್ಕಳಿಗೆ ಒಂದು ನಿಯಮ ಕಲಿಸಿದರೆ ಅದನ್ನು ಮುರಿದುಬಿಡುತ್ತಾರೆ ಎಂದು ಹೆದರುವ ಮೇಷ್ಟ್ರುಗಳನ್ನು ನಾನು ಬಹಳ ನೋಡಿದ್ದೇನೆ. ಮುರಿದರೆ ಬೆತ್ತವಿದೆ, ಹೆದರಿಕೆ ಯಾಕೆ? ಚಾಚೂ ತಪ್ಪದೆ ಪಾಲಿಸಿದರೆ ಏನು ಮಾಡುವುದು ಎಂಬುದನ್ನು ಮಾತ್ರ ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ. ನನ್ನ ಸರ್ವೀಸಿನ ಪೇಚುಗಳೆಲ್ಲ ಈ ಎರಡನೆಯ ಜಾತಿಯವು. ವರ್ಷಕ್ಕೊಂದಾದರೂ ತಪ್ಪಲಿಲ್ಲ.

ನಾನು ಓದಿದ್ದು ಪಾದ್ರಿಗಳ ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿ ಇನ್ನೊಬ್ಬರ ವಾಕ್ಯವನ್ನು ಹೆಸರು ಹೇಳದೆ ಬರೆಯುವುದೂ ಜೇಬಿನಿಂದ ಪೆನ್ನು ಎತ್ತುವುದೂ ಒಂದೇ ಅಪರಾಧ. ಹಿಂದೂಪುರದ ಹೈಸ್ಕೂಲಿಗೆ ಇಂಗ್ಲಿಷ್ ಮತ್ತು ಚರಿತ್ರೆಯ ಮೇಷ್ಟ್ರಾಗಿ ಬಂದಾಗ ಅದೇ ಕಾನೂನನ್ನು ಜೊತೆಗೆ ತಂದೆ. ಎಡಗಡೆ ಎರಡು ಬೆರಳು ಮಾರ್ಜಿನ್. ಬಲಮೂಲೆಯಲ್ಲಿ ತಾರೀಖು. ಎತ್ತಿಕೊಂಡ ಮಾತಿನ ನೆತ್ತಿಯ ಮೇಲೆ ಒಂದು ಅಂಕಿ. ಪುಟದ ಬುಡದಲ್ಲಿ ರೂಲುದೊಣ್ಣೆ ಇಟ್ಟು ಒಂದು ಗೆರೆ. ಗೆರೆಯ ಕೆಳಗೆ ಅದೇ ಅಂಕಿ ಹಾಕಿ, ಯಾರ ಮಾತು, ಯಾವ ಪುಸ್ತಕ, ಎಷ್ಟನೆಯ ಪುಟ. "ಎಲ್ಲಿಂದ ಎತ್ತಿದ್ದು, ಬರೆಯಿರಿ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ. ಹುಡುಗರು ನನಗೆ ‘ಗೆರೆ ಮೇಷ್ಟ್ರು’ ಎಂದು ಹೆಸರಿಟ್ಟರು. ಬೇಸರವಾಗಲಿಲ್ಲ. ಅದಕ್ಕಿಂತ ಕೆಟ್ಟ ಹೆಸರುಗಳು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟಿದ್ದವು.

ಈ ಗೆರೆಯಿಂದಲೇ ಮುಂದೆ ಕಲ್ಯಾಣದುರ್ಗದ ಶಾಲೆಗೆ ಬರಬೇಕಿದ್ದ ಆರನೆಯ ಫಾರಂ, ಅಂದರೆ ಹೈಸ್ಕೂಲಿನ ಕೊನೆಯ ತರಗತಿ, ಕೈತಪ್ಪುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಕ್ರಮ ಎಂದರೆ ಕ್ರಮ.

೧. ಮೂವತ್ತೆರಡು ಸಿಂಹಗಳು

ಹಿಂದೂಪುರದಲ್ಲಿ ನನ್ನ ಎರಡನೆಯ ವರ್ಷ. ನಾಲ್ಕನೆಯ ಫಾರಂಗೆ ಪೆನುಕೊಂಡದ ಕೋಟೆಯ ಮೇಲೆ ಪ್ರಬಂಧ ಕೊಟ್ಟೆ. ಮೂವತ್ತೆರಡು ಪುಸ್ತಕ ಬಂದವು. ಮೂವತ್ತೆರಡರಲ್ಲೂ ಕೋಟೆ ‘ಮುದಿ ಸಿಂಹದಂತೆ ಬೆಟ್ಟದ ಮೇಲೆ ಮಲಗಿ’ತ್ತು. ಒಂದು ಬೆಟ್ಟ, ಮೂವತ್ತೆರಡು ಸಿಂಹ.

ಗೆರೆಯ ಕೆಳಗೆ ನೋಡಿದೆ. ಮೊದಲನೆಯವನು ಬರೆದಿದ್ದ: ‘ಪಕ್ಕದವನ ಪುಸ್ತಕ, ಪುಟ ೨.’ ಪಕ್ಕದವನದು: ‘ಹಿಂದಿನ ಬೆಂಚು, ಪುಟ ೨.’ ಬೆತ್ತ ಹಿಡಿದು ಬೆಂಚಿನಿಂದ ಬೆಂಚಿಗೆ ಸಿಂಹದ ಹೆಜ್ಜೆ ಹುಡುಕುತ್ತ ನಡೆದೆ. ಅದು ಕಿಟಕಿಯ ಪಕ್ಕದ ಕೊನೆಯ ಬೆಂಚಿನಲ್ಲಿ, ಲೇಪಾಕ್ಷಿಯಿಂದ ಸೈಕಲ್ಲಿನಲ್ಲಿ ಬರುವ ಹುಡುಗನ ಹತ್ತಿರ ಹೋಗಿ ನಿಂತಿತು.

"ಸಿಂಹ ನಿನ್ನದೇನಯ್ಯ?"

"ಇಲ್ಲ ಸಾ. ನಮ್ಮಣ್ಣನ ನೋಟ್ಸಲ್ಲಿತ್ತು."

"ನಿಮ್ಮಣ್ಣನಿಗೆ ಎಲ್ಲಿಂದ ಬಂತು?"

"ಹೋದ್ ವರ್ಷ ನೀವೇ ಬರೆಸಿದ್ರಂತೆ ಸಾ. ನೀವು ಎಲ್ಲಿಂದ ಎತ್ತಿದ್ದು ಅಂತ ಹೇಳಿರ್ಲಿಲ್ವಂತೆ. ಅದ್ಕೇ ಅಲ್ಲಿಗೆ ನಿಲ್ಸಿದೀನಿ."

ಸಿಂಹ ನಮ್ಮ ಪಾದ್ರಿಗಳದು. ಆ ಹೊತ್ತಿಗೇ ಕರಿಹಲಗೆಯ ಬುಡದಲ್ಲಿ ಗೆರೆ ಎಳೆದು ಅವರ ಹೆಸರು ಬರೆದೆ. ಮೂವತ್ತೆರಡು ಜನವೂ ಅದನ್ನು ಬಹಳ ಸಂತೋಷದಿಂದ ಇಳಿಸಿಕೊಂಡರು.

೨. ಎರಡು ಬೆರಳು ಬೀಳು

ಯುದ್ಧದ ಕಾಲ, ಕಾಗದಕ್ಕೆ ಬರ. ಒಂದು ದಿನ ಬೆಲ್ಲದ ಮಂಡಿಯ ಯಜಮಾನರು ಮಗನ ನೋಟ್‌ಬುಕ್ ಹಿಡಿದು ನೇರವಾಗಿ ಕ್ಲಾಸಿನ ಬಾಗಿಲಿಗೆ ಬಂದರು. ಹಣೆ ತುಂಬ ವಿಭೂತಿ, ಅಂಗಿ ತುಂಬ ಬೆಲ್ಲದ ವಾಸನೆ.

"ಏನ್ ಸ್ವಾಮಿ, ನನ್ ಮಗ ಒಂದೊಂದ್ ಹಾಳೇಲೂ ಎರಡ್ ಬೆರಳು ಬೀಳು ಬಿಟ್ಟವ್ನೆ. ಯಾರಿಗೆ?"

"ನನಗೆ. ತಪ್ಪಿದ್ದರೆ ಅಲ್ಲಿ ತೋರಿಸುತ್ತೇನೆ."

"ತಪ್ಪು ಇಲ್ದಿದ್ರೆ?"

"ಖಾಲಿ ಇರುತ್ತದೆ."

ಅವರು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ಅಂದ್ರೆ ನೀವು ಬತ್ತೀರೋ ಇಲ್ವೋ ಗೊತ್ತಿಲ್ಲ. ನಾವು ಮಾತ್ರ ದಿನಾ ಎಲೆ ಹಾಕ್ಕೊಂಡು ಕಾಯ್ತಿರ್ಬೇಕು."

ನಾನು ಅಚ್ಚುಕಟ್ಟಿನ ವಿಷಯವಾಗಿ ಹತ್ತು ನಿಮಿಷ ಹೇಳಿದೆ. ಮರ್ಯಾದೆಯಿಂದ ಕೇಳಿಸಿಕೊಂಡು, "ಆಗ್ಲಿ ಬುಡಿ, ಹೋಯ್ತೀನಿ" ಎಂದು ಹೊರಟರು. ಗೆದ್ದೆ ಎಂದುಕೊಂಡೆ. ಮುಂದಿನ ವಾರ ಪುಸ್ತಕ ಬಂತು. ನಾನು ಕೆಂಪು ಶಾಯಿ ಮುಟ್ಟಿಸದ ಪ್ರತಿಯೊಂದು ಹಾಳೆಯ ಮಾರ್ಜಿನ್ನಿನಲ್ಲೂ ಮೇಲಿಂದ ಕೆಳಗಿನವರೆಗೆ ಗುಣಾಕಾರದ ಲೆಕ್ಕಗಳು. ಬುಡದಲ್ಲಿ ನೇರವಾದ ಗೆರೆ. ಅದರ ಕೆಳಗೆ: ‘೧. ನೀವು ಬರಲಿಲ್ಲ, ಅದಕ್ಕೆ ಎಲೆ ಎತ್ತಿದ್ದೇವೆ. ನಮ್ಮಪ್ಪನ ಮಾತು, ಸೋಮವಾರ.’

೩. ಪುಟ ಒಂದು

ಆಮೇಲೆ ನನ್ನನ್ನು ಕಲ್ಯಾಣದುರ್ಗಕ್ಕೆ ವರ್ಗ ಮಾಡಿದರು. ಪೆಟ್ರೋಲ್ ಸಿಗದೆ ಇದ್ದಲಿನಿಂದ ಓಡುತ್ತಿದ್ದ ಬಸ್ಸು ಏರಿನಲ್ಲಿ ನಿಂತಾಗಲೆಲ್ಲ ಇಳಿದು ತಳ್ಳಿಕೊಂಡೇ ಹೋಗಿ ಚಾರ್ಜು ವಹಿಸಿಕೊಂಡೆ. ಅಲ್ಲಿನ ಶಾಲೆ ಐದನೆಯ ಫಾರಂಗೆ ನಿಂತುಹೋಗಿತ್ತು. ಆರನೆಯದನ್ನು ಓದಿ ಸರ್ಕಾರಿ ಪರೀಕ್ಷೆಗೆ ಕೂರಬೇಕಾದರೆ ಅನಂತಪುರಕ್ಕೆ ಹೋಗಬೇಕು. ಹೋಗುವವರು ಒಬ್ಬಿಬ್ಬರು, ಉಳಿದವರ ಓದು ಅಲ್ಲಿಗೆ ಮುಗಿಯಿತು. ಆರನೆಯ ಫಾರಂ ಬೇಕೆಂದು ಶಾಲೆಯವರು ವರ್ಷವರ್ಷವೂ ಅರ್ಜಿ ಹಾಕುತ್ತಿದ್ದರು.

ಐದನೆಯ ಫಾರಂನಲ್ಲಿ ಸೆಟ್ಟೂರಿನ ಹುಡುಗನೊಬ್ಬನಿದ್ದ. ಕುರಿ ಸಾಕುವ ಮನೆ. ಇಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಆರನೆಯ ಫಾರಂ ಇಲ್ಲಿಗೇ ಬಂದರೆ ಸರಿ, ಇಲ್ಲದಿದ್ದರೆ ಬೇಸಿಗೆಗೆ ಹಿಂದಕ್ಕೆ ಬಂದು ಕುರಿ ಹಿಡಿ ಎಂದು ಅವನಪ್ಪ ಹೇಳಿಯಾಗಿತ್ತು. ನಾನು ನೋಡಿದ ಹುಡುಗರಲ್ಲಿ ಅವನಷ್ಟು ನೇರವಾಗಿ ಗೆರೆ ಎಳೆದವನು ಇನ್ನೊಬ್ಬನಿಲ್ಲ.

ಅವನು ಊರಿನ ಕೆರೆ ಒಡೆದ ಕಥೆ ಬರೆದು, ಗೆರೆಯ ಕೆಳಗೆ ‘ನಮ್ಮಜ್ಜಿ. ಪುಟ ಇಲ್ಲ’ ಎಂದು ಹಾಕಿದ. ನಾನು ಮಾರ್ಜಿನ್ನಿನಲ್ಲಿ ‘ಇದು ಸಾಲದು. ಆಕೆಗೆ ಹೇಗೆ ಗೊತ್ತು?’ ಎಂದು ಬರೆದೆ. ಭಾನುವಾರ ಊರಿಗೆ ಹೋದವನು ಅದನ್ನು ಅಜ್ಜಿಗೆ ಓದಿ ಹೇಳಿದ. ಸೋಮವಾರ ಅಜ್ಜಿ ಕೋಲೂರಿಕೊಂಡು ಕ್ಲಾಸಿಗೇ ಬಂದುಬಿಟ್ಟಳು.

"ಯಾರಪ್ಪ ಅದು, ನನ್ ಮಾತು ಸಾಲ್ದು ಅಂದೋರು?"

"ನಾನು, ತಾಯಿ."

"ನಿನ್ ಬುಕ್ಕು ಬರ್ಯೋರು ಆ ಕೆರೆ ಒಡ್ದಾಗ ಎಲ್ಲಿದ್ರು?"

"ಗೊತ್ತಿಲ್ಲ."

"ನಾನು ಏರಿ ಮೇಲಿದ್ದೆ ಕಣಪ್ಪ. ಸೀರೆ ಮೊಣಕಾಲ್ಗಂಟ ನೆಂದಿತ್ತು. ಬರ್ಕೊ."

ಹುಡುಗನ ಪುಸ್ತಕದಲ್ಲೇ, ಗೆರೆಯ ಕೆಳಗೆ ಬರೆದುಕೊಂಡೆ. ಓದು ಎಂದಳು, ಓದಿದೆ. ಬಾಗಿಲವರೆಗೆ ಹೋದವಳು ತಿರುಗಿ ನಿಂತು, "ಅದೇನೋ ಪುಟ ಕೇಳಿದ್ಯಂತೆ, ಎಷ್ಟು ಹಾಕ್ದೆ?" ಎಂದಳು.

"ಪುಟ ಇಲ್ಲವಲ್ಲ ತಾಯಿ."

"ಒಂದು ಅಂತ ಹಾಕು. ನನಗಿಂತ ಮುಂಚೆ ಯಾರೂ ಹೇಳಿಲ್ಲ."

೪. ಮೊಣಕೈ ಅಡ್ಡ

ಅರ್ಧವಾರ್ಷಿಕ ಪರೀಕ್ಷೆ, ಚರಿತ್ರೆ. ಅದೇ ಹುಡುಗನ ಒಂದು ಉತ್ತರ ಸೊಗಸಾಗಿ ನಡೆದುಬಂದು ಅರ್ಧ ವಾಕ್ಯದಲ್ಲಿ ನಿಂತುಹೋಗಿತ್ತು. ಗೆರೆಯ ಕೆಳಗೆ: ‘೧. ಮುಂದಿನ ಬೆಂಚಿನವನ ಉತ್ತರ, ಪುಟ ೩. ಕೊನೆಯ ನಾಲ್ಕು ಸಾಲು ಸಿಕ್ಕಿಲ್ಲ. ಮೊಣಕೈ ಅಡ್ಡ ಇತ್ತು.’

ಹೆಡ್‌ಮಾಸ್ಟರ ಕೋಣೆಗೆ ಕರೆದುಕೊಂಡು ಹೋದೆ. ಹೆಡ್‌ಮಾಸ್ಟರು ತೆಲುಗಿನವರು, ಒಳ್ಳೆಯವರು, ಆದರೆ ಗಾಳಿ ಬೀಸಿದರೂ ನಡುಗುವ ಮನುಷ್ಯ.

"ಪರೀಕ್ಷೇಲಿ ನೋಡಿ ಬರೀಬಾರ್ದು ಅಂತ ಗೊತ್ತಿಲ್ವೇನೋ?" ಎಂದು ಕೇಳಿದರು.

"ಗೊತ್ತು ಸಾ. ಕಣ್ಣು ಬಿದ್ಬುಡ್ತು. ಬಿದ್ಮೇಲೆ ಹೇಳ್ದೆ ಇದ್ರೆ ಅದು ಕಳ್ತನ ಅಂತ ಇವ್ರೇ ಹೇಳವ್ರೆ."

ಉತ್ತರಕ್ಕೆ ಸೊನ್ನೆ ಹಾಕಿದೆ, ಎರಡು ದಿನ ಬಾಗಿಲಾಚೆ ನಿಲ್ಲಿಸಿದೆ. ಎರಡೂ ಸರಿ ಎಂದು ಇಂದಿಗೂ ಹೇಳುತ್ತೇನೆ. ಹೆಡ್‌ಮಾಸ್ಟರು ಮಾತ್ರ ಆ ಕಾಗದವನ್ನು ಬಹಳ ಹೊತ್ತು ನೋಡಿ, "ಏಮಯ್ಯಾ, ಕದ್ದ ಮನೇಲಿ ತನ್ನ ವಿಳಾಸ ಬರೆದಿಟ್ಟು ಹೋಗೋ ದೊಂಗನ್ನ ನಾನು ನಿನ್ನ ಕ್ಲಾಸಲ್ಲೇ ಕಂಡಿದ್ದು" ಎಂದರು.

೫. ಬಾವಿಯ ಹಗ್ಗ

ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಹೆಡ್‌ಮಾಸ್ಟರ ಮನೆಯಲ್ಲಿ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ತನಿಖೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಮೂರು ಗಂಟೆಯ ಬಸ್ಸಿಗೆ ಹೋಗುತ್ತಿದ್ದರು. ಆರನೆಯ ಫಾರಂ ಅವರ ಕೈಯಲ್ಲಿತ್ತು.

ಆ ಸಲ ಅವರು ಬರುವ ಹಿಂದಿನ ದಿನ ಹೆಡ್‌ಮಾಸ್ಟರು, ಕಚೇರಿಯ ಪುಸ್ತಕಗಳಿಗೆಲ್ಲ ಪುಟಸಂಖ್ಯೆ ಹಾಕಿಸು ಎಂದರು. ಕೈ ಅಚ್ಚುಕಟ್ಟಾಗಿದೆ ಎಂದು ತನಿಖೆ ಪುಸ್ತಕವನ್ನು ಸೆಟ್ಟೂರಿನವನಿಗೆ ಕೊಟ್ಟೆ. ಸಂಖ್ಯೆ ಹಾಕು ಎಂದೆ. ಓದಬೇಡ ಎನ್ನಲಿಲ್ಲ.

ಮರುದಿನ ಊಟವಾಯಿತು. ಇನ್‌ಸ್ಪೆಕ್ಟರು ನಮ್ಮ ಕ್ಲಾಸಿನಲ್ಲೇ ಕುರ್ಚಿ ಹಾಕಿಸಿಕೊಂಡು ಪುಸ್ತಕ ಬಿಡಿಸಿದರು. ಹೋದ ವರ್ಷ ತಾವೇ ಬರೆದ ಪುಟ. ‘ಮಕ್ಕಳು ಚಟುವಟಿಕೆಯಿಂದಿದ್ದಾರೆ. ಬಾವಿಯ ಹಗ್ಗ ಬದಲಾಯಿಸಬೇಕು. ಆರನೆಯ ಫಾರಂ ವಿಷಯವನ್ನು ಮುಂದಿನ ಭೇಟಿಯಲ್ಲಿ ಪರಿಶೀಲಿಸಲಾಗುವುದು.’ ಮೊದಲ ಎರಡು ವಾಕ್ಯಗಳ ನೆತ್ತಿಯ ಮೇಲೆ ಪುಟ್ಟ ಅಂಕಿಗಳು. ಬುಡದಲ್ಲಿ ಗೆರೆ. ಗೆರೆಯ ಕೆಳಗೆ:

‘೧. ಇದೇ ಪುಸ್ತಕ, ಪುಟ ೧೨. ಅಲ್ಲಿಗೆ ಪುಟ ೯ರಿಂದ. ಅದಕ್ಕೂ ಹಿಂದೆ ಎಲ್ಲಿಂದ ಎಂದು ಸಿಕ್ಕಿಲ್ಲ.

೨. ಬಾವಿ ಮುಚ್ಚಿ ಎರಡು ವರ್ಷವಾಯಿತು. ಮಣ್ಣು ಹೊತ್ತವನು ನಾನೇ.’

ಇನ್‌ಸ್ಪೆಕ್ಟರ ಬಾಯಿಯ ಎಲೆಅಡಿಕೆ ನಿಂತಿತು. ಪುಟ ೧೨ ತೆಗೆದರು. ಪುಟ ೯ ತೆಗೆದರು. ಹೆಡ್‌ಮಾಸ್ಟರು ನನ್ನ ಕಿವಿಯಲ್ಲಿ, "ಮುನಿಗಿಪೋತಿಮಿ ಕದಯ್ಯಾ, ಮುಳುಗಿಸಿಬಿಟ್ಟೆ" ಎಂದರು.

"ಯಾರು ಬರೆದಿದ್ದು?"

ಹುಡುಗ ಎದ್ದು ನಿಂತ. ಹೆಡ್‌ಮಾಸ್ಟರು, "ಅವನಿಗೆ ಸ್ವಲ್ಪ ತಲೆ..." ಎಂದು ಶುರುಮಾಡಿದರು. ಹೌದು ಎಂದು ನಾನೂ ತಲೆ ಆಡಿಸಿದ್ದರೆ ಆರನೆಯ ಫಾರಂ ಉಳಿಯುತ್ತಿತ್ತೋ ಏನೋ. ನನ್ನಿಂದ ಆಗಲಿಲ್ಲ. "ತಲೆ ಸರಿಯಾಗಿದೆ ಸಾರ್. ಕಲಿಸಿದವನು ನಾನು" ಎಂದೆ.

ಇನ್‌ಸ್ಪೆಕ್ಟರು ನನ್ನ ಕಡೆ ನೋಡಲೇ ಇಲ್ಲ. ಹುಡುಗನನ್ನೇ ಕೇಳಿದರು: "ನಾನು ಬರೆದದ್ದರಲ್ಲಿ ಏನು ತಪ್ಪು?"

"ತಪ್ಪೇನಿಲ್ಲ ಸಾ. ಎಲ್ಲಿಂದ ಎತ್ತಿದ್ದು ಅಂತ ಬರೆಯೋದು ಮರ್ತಿದ್ರಿ. ಅದೊಂದು ನಾನು ಬರ್ದೆ."

ಅವರು ಎದ್ದು ಹೊರಗೆ ಹೋಗಿ ಉಗಿದು ಬಂದರು. "ಬಾವಿ ಎಲ್ಲಿತ್ತು, ತೋರಿಸು" ಎಂದು ಹುಡುಗನನ್ನು ಮುಂದೆ ಹಾಕಿಕೊಂಡು ಹೊರಟರು. ಬಾವಿ ಇದ್ದ ಜಾಗದ ಮೇಲೆ ನಿಂತು ಕಾಲಿನಿಂದ ತುಳಿದು ನೋಡಿದರು. ಕೋಣೆಗಳನ್ನು ಎಣಿಸಿದರು, ಬೆಂಚುಗಳನ್ನು ಅಲ್ಲಾಡಿಸಿದರು, ಐದನೆಯ ಫಾರಂನ ನೋಟ್‌ಬುಕ್ಕುಗಳನ್ನು ಒಂದೂ ಬಿಡದೆ ತಿರುವಿಹಾಕಿದರು. ಅಜ್ಜಿಯ ಪುಟದ ಹತ್ತಿರ ಬಹಳ ಹೊತ್ತು ನಿಂತರು. ಮೂರು ಗಂಟೆಯ ಬಸ್ಸು ಹೋಯಿತು. ಹೆಡ್‌ಮಾಸ್ಟರು ಕಂಬಕ್ಕೆ ಒರಗಿ ನಿಂತಿದ್ದರು. ನನ್ನ ಜೊತೆ ಮಾತು ಬಿಟ್ಟಿದ್ದರು. ಹುಡುಗ ಮಾತ್ರ, ಕುರಿಗಳು ತನ್ನನ್ನು ಕರೆಯುತ್ತಿವೆಯೇನೋ ಎಂಬಂತೆ ಸೆಟ್ಟೂರಿನ ದಿಕ್ಕು ನೋಡುತ್ತಿದ್ದ.

ಸಂಜೆ ಇನ್‌ಸ್ಪೆಕ್ಟರು ಒಬ್ಬರೇ ಕೂತು ಬರೆದು, ಪುಸ್ತಕ ಮುಚ್ಚಿ, ಯಾರಿಗೂ ಏನೂ ಹೇಳದೆ ಕೊನೆಯ ಬಸ್ಸು ಹತ್ತಿದರು. ಹೆಡ್‌ಮಾಸ್ಟರಿಗೆ ಪುಸ್ತಕ ತೆಗೆಯಲು ಕೈ ಬರಲಿಲ್ಲ. ನಾನೇ ತೆಗೆದೆ. ಪುಟ ತುಂಬಿತ್ತು. ಕೊನೆಯ ಸಾಲು: ‘ಬರುವ ಜೂನ್‌ನಿಂದಲೇ ಆರನೆಯ ಫಾರಂ ತೆರೆಯಲು ಬಲವಾಗಿ ಶಿಫಾರಸು ಮಾಡಿದ್ದೇನೆ.’ ಬುಡದಲ್ಲಿ, ಸ್ವಲ್ಪ ಸೊಟ್ಟಗೆ, ಒಂದು ಗೆರೆ. ಅದರ ಕೆಳಗೆ:

‘೧. ಸ್ವಂತ ಕಣ್ಣು.

೨. ಬಾವಿಯ ವಿಷಯ: ಐದನೆಯ ಫಾರಂ, ಮೂರನೆಯ ಬೆಂಚು.’

ಹೆಡ್‌ಮಾಸ್ಟರು ಕುರ್ಚಿಯಲ್ಲಿ ಕುಸಿದು ಕೂತು ಕಣ್ಣು ಒರೆಸಿಕೊಂಡರು. ಹುಡುಗನನ್ನು ಕರೆದು ಪುಸ್ತಕವನ್ನು ಅವನ ಕೈಗೇ ಕೊಟ್ಟೆ. ಅವನು ಮೇಲಿಂದ ಕೆಳಗೆ ನಿಧಾನವಾಗಿ ಓದಿದ. ಎರಡನೆಯ ಸಲವೂ ಓದಿದ. ಆಮೇಲೆ ಎಡಗಡೆಯ ಅಂಚಿನ ಮೇಲೆ ಎರಡು ಬೆರಳು ಇಟ್ಟು ಅಳೆದು, ಮುಖ ಸಣ್ಣದು ಮಾಡಿಕೊಂಡು ನನ್ನನ್ನು ನೋಡಿದ.

"ಸಾ, ಮಾರ್ಜಿನ್ ಬಿಟ್ಟಿಲ್ಲ."

ನನ್ನ ಇಡೀ ಸರ್ವೀಸಿನಲ್ಲಿ ಒಂದೇ ಒಂದು ಸಲ, ಅವತ್ತು ಸಂಜೆ, "ಇರಲಿ ಬಿಡೋ" ಎಂದಿದ್ದೇನೆ.