ಹದಿನೇಳನೇ ಪೆಟ್ಟಿಗೆಯ ಇಲಿ

ಚಳಿ ಬಿಟ್ಟು ಬಿಸಿಲು ಇನ್ನೂ ಬಲಿಯದ ದಿನಗಳು. ಬುಧವಾರ ಬೆಳಿಗ್ಗೆ ಏಳೂವರೆಗೆ ಇಲಿಮಾವ ಬೀಗ ತೆಗೆದು ದೀಪ ಹಾಕಿದಾಗ ಹದಿನೇಳನೇ ಪೆಟ್ಟಿಗೆಯ ಮುಚ್ಚಳ ಆಕಳಿಸುವ ಬಾಯಿಯ ಹಾಗೆ ತೆರೆದಿತ್ತು. ಒಳಗೆ ಮರದ ಹೊಟ್ಟು ಇತ್ತು, ನೀರಿನ ಬಾಟಲಿ ಇತ್ತು, ಇಲಿ ಇರಲಿಲ್ಲ.

ಆ ಸಂಶೋಧನಾಲಯದ ಇಲಿಗಳಿಗೆ ಹತ್ತೊಂಬತ್ತು ವರ್ಷ ತಿನಿಸು ಹಾಕಿ ಹಾಕಿ ಅವನಿಗೆ ಆ ಹೆಸರು ಅಂಟಿತ್ತು. ಹತ್ತೊಂಬತ್ತು ವರ್ಷವೂ ಹಂಗಾಮಿ. ಈಗ ಅವನ ಹೃದಯದ ರಕ್ತನಾಳ ಎರಡು ಕಡೆ ಕಟ್ಟಿಕೊಂಡಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಹಳೇ ಸೈಕಲ್ ಪಂಪಿನಂತೆ ಏದುಸಿರು. ಕಾಯಂ ನೌಕರರಾದರೆ ಆಪರೇಷನ್ನು ಸಂಸ್ಥೆಯೇ ಮಾಡಿಸುತ್ತಿತ್ತು. "ನಾಳೆ ನನ್ನ ಔಷಧ ನೋಡೋಕೆ ಸಮಿತಿ ಬರುತ್ತೆ. ನನ್ನ ಫೈಲ್ ಜೊತೆ ನಿನ್ನ ಕಾಯಂ ಫೈಲೂ ಸಹಿಗೆ ಇಟ್ಟಿದೀನಿ" ಎಂದು ಪ್ರೊಫೆಸರ್ ಹಿಂದಿನ ಸಂಜೆಯಷ್ಟೇ ಹೇಳಿದ್ದರು.

ಹದಿನೇಳು ಎಂದರೆ ಸಾಮಾನ್ಯ ಇಲಿಯಲ್ಲ. ಆರು ತಿಂಗಳು ಕೊಬ್ಬಿನ ತಿನಿಸನ್ನೂ ಪ್ರೊಫೆಸರರ ಹೊಸ ಔಷಧವನ್ನೂ ಒಟ್ಟಿಗೆ ತಿಂದ ಇಲಿ. ಅವರು ಒಮ್ಮೆ ವಿವರಿಸಿದ್ದರು: "ರಕ್ತದ ಕಾವಲು ಕಣಗಳು ನಾಳದ ಗೋಡೆಗೆ ಕಸ ಗುಡಿಸೋಕೆ ಅಂತಲೇ ಬರ್ತವೆ ಕಣಯ್ಯ. ಅಲ್ಲಿರೋ ಕೊಬ್ಬು ತಿಂದೂ ತಿಂದೂ ಉಬ್ಬಿ, ಆಚೆ ಹೋಗೋಕಾಗದೆ ಅಲ್ಲೇ ಕೂರ್ತವೆ. ಸಕ್ಕರೆ ಉರಿಸಿಕೊಂಡು ಸುತ್ತಲೂ ಉರಿ ಹಚ್ತವೆ. ಕೊನೆಗೆ ಗುಡಿಸೋಕೆ ಬಂದವೇ ಕಸವಾಗಿ ದಾರಿ ಕಟ್ತವೆ. ನನ್ನ ಔಷಧ ಅವುಗಳ ಒಲೆ ಬದಲಾಯಿಸುತ್ತೆ. ಆಮೇಲೆ ಅವು ಕೊಬ್ಬನ್ನೇ ಉರಿಸಿ, ಕೆಲಸ ಮುಗಿಸಿ, ಮನೆಗೆ ಹೋಗ್ತವೆ."

"ನಮ್ಮ ಸ್ಟೋರಿನವರಿಗೂ ಒಂದು ಡೋಸ್ ಕೊಡಿ ಸಾರ್" ಎಂದಿದ್ದ ಇಲಿಮಾವ.

ಆ ಸ್ಟೋರಿನವನೇ ಈಗ ಮೊದಲು ಓಡಿ ಬಂದ. ಹಿಂದೆಯೇ ಪೊರಕೆ ಸಮೇತ ಗುಡಿಸುವ ಅಕ್ಕ. ಮೂವರೂ ನೆಲಕ್ಕೆ ಕೆನ್ನೆ ಒತ್ತಿ ಬೀರುಗಳ ಅಡಿಯೆಲ್ಲ ಇಣುಕಿದರು. ಒಂದು ಪೆನ್ನಿನ ಮುಚ್ಚಳ ಸಿಕ್ಕಿತು, ಸ್ಟೋರಿನವನ ಕಳೆದ ವರ್ಷದ ಚಪ್ಪಲಿ ಸಿಕ್ಕಿತು.

"ಪ್ರೊಫೆಸರ್‌ಗೆ ಹೇಳಿಬಿಡ್ತೀನಿ" ಎಂದ ಇಲಿಮಾವ.

"ಹೇಳು, ಹೇಳು! ಕಾಯಂ ಆಗೋ ದಿನಾನೇ ಇಲಿ ಕಳಕೊಂಡೆ ಅಂತ ಹೇಳು. ಹಾರ ಹಾಕ್ತಾರೆ" ಎಂದ ಸ್ಟೋರಿನವ. "ಪಕ್ಕದ ಕೋಣೇಲಿ ಬರೀ ಕಾಳು ತಿನ್ನೋ ಇಲಿಗಳು ಎಷ್ಟಿಲ್ಲ? ಒಂದನ್ನ ತಂದು ಬಿಡೋ ಮಾರಾಯ."

"ಅವು ಕಡ್ಡಿ ಹಾಗಿವೆಯಲ್ಲೋ. ಹದಿನೇಳು ದಿಂಬಿನ ಹಾಗಿತ್ತು."

"ಅದಕ್ಕೇನಣ್ಣ, ನಾನಿಲ್ವಾ?" ಎಂದಳು ಅಕ್ಕ.

ಹದಿನೇಳರ ಗುರುತು ಬಲಗಿವಿಯಲ್ಲಿ ಒಂದು ತೂತು, ಎಡಗಿವಿಯಲ್ಲಿ ಎರಡು. ಇಲಿಮಾವ ಕಣ್ಣು ಅರ್ಧ ಮುಚ್ಚಿಕೊಂಡು ಮೂರೂ ತೂತು ಹಾಕಿದ. ಅಕ್ಕ ಬಡಪಾಯಿಗೆ ಸ್ನಾನ ಮಾಡಿಸಿ, ಗಾಜಿನ ಸಾಮಾನು ಒಣಗಿಸುವ ಯಂತ್ರದ ಬಿಸಿಗಾಳಿಗೆ ಹಿಡಿದಳು. ರೋಮವೆಲ್ಲ ನಿಮಿರಿ ಇಲಿ ಹತ್ತಿಯ ಉಂಡೆಯಂತಾಯಿತು.

"ಮದುಮಗಳ ಹಾಗಿದೆ" ಎಂದ ಸ್ಟೋರಿನವ.

"ನಿನ್ನನ್ನೂ ಒಂದಿನ ಹಿಡಿಯೋಣ ಇದಕ್ಕೆ, ಸ್ವಲ್ಪ ಮನುಷ್ಯನ ಹಾಗೆ ಕಾಣ್ತೀಯ" ಎಂದಳು ಅಕ್ಕ.

ಹನ್ನೊಂದಕ್ಕೆ ಸಮಿತಿಯ ಮೂವರು ಬಂದರು. ಹದಿನೇಳನೇ ಪೆಟ್ಟಿಗೆಯಲ್ಲಿ ಇಲಿ ಓಡಾಡುವುದನ್ನು ಕಂಡು ಪ್ರೊಫೆಸರರ ಮುಖ ಸುಣ್ಣ ಬಳಿದಂತಾಯಿತು. ಗುರುತು ಸಿಕ್ಕಿಬಿಟ್ಟಿತು ಎಂದು ಇಲಿಮಾವನ ಎದೆ ಹಿಂಡಿತು.

"ಇದು... ಇದು ಬೇಡ, ಬೇರೆ ಯಾವುದಾದರೂ..." ಎಂದು ಪ್ರೊಫೆಸರ್ ತೊದಲಿದರು.

"ನಿಮ್ಮ ವರದಿ ತುಂಬ ಹದಿನೇಳೇ ಇದೆಯಲ್ಲ, ಇದನ್ನೇ ನೋಡೋಣ" ಎಂದರು ಅಧ್ಯಕ್ಷರು.

ಇಲಿಯ ಕತ್ತಿಗೆ ಸ್ಕ್ಯಾನಿನ ಕಡ್ಡಿ ಒತ್ತಿದರು. ತೆರೆಯ ಮೇಲೆ ರಕ್ತನಾಳ ಮೂಡಿತು, ಈಗಷ್ಟೇ ತೊಳೆದಿಟ್ಟ ಗಾಜಿನ ಕೊಳವೆಯಂತೆ. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. "ಆರು ತಿಂಗಳು ಕೊಬ್ಬು ತಿಂದ ನಾಳವೇನ್ರೀ ಇದು! ಮನುಷ್ಯರ ಮೇಲಿನ ಪರೀಕ್ಷೆಗೆ ಅನುಮತಿ ಎಲ್ಲ ಸಿದ್ಧ ಇದೆ, ಈ ಇಲಿಗೇ ಕಾದಿದ್ದೆವು. ಸೋಮವಾರವೇ ಶುರು ಮಾಡಿ."

ಎರಡನೇ ಫೈಲ್ ತೆರೆದು ಅವರು ಇಲಿಮಾವನ ಕಡೆ ನೋಡಿದರು. "ಯಾಕಯ್ಯ ಎದೆ ಹಿಡ್ಕೊಂಡಿದೀಯ?"

"ಎರಡು ಕಡೆ ಕಟ್ಟಿದೆ ಸಾರ್. ಕಾಯಂ ಆದ್ರೆ ಆಪರೇಷನ್..."

"ಆಪರೇಷನ್ ಯಾಕೆ? ಔಷಧ ನಮ್ಮ ಮನೇಲೇ ಇದೆಯಲ್ಲ! ಮೊದಲ ಗುಳಿಗೆ ನಿನಗೇ." ಆಮೇಲೆ ಏನೋ ನೆನಪಾದವರಂತೆ ಪೆನ್ನು ಮುಚ್ಚಿದರು. "ಆದರೆ ಕಾಯಂ ನೌಕರರಿಗೆ ನಮ್ಮದೇ ಔಷಧ ಕೊಟ್ಟು ಪರೀಕ್ಷೆ ಮಾಡೋ ಹಾಗಿಲ್ಲ, ನಿಯಮ. ಈ ಫೈಲ್ ಎರಡು ವರ್ಷ ಆಚೆಗಿರಲಿ."

ಸಮಿತಿಯ ಕಾರು ಗೇಟು ದಾಟಿದ ಮೇಲೆ ಇಲಿಮಾವ ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟ. ಅವರು ಬೈಯಲಿಲ್ಲ. ಫ್ರಿಜ್ ತೆಗೆದು ಒಂದು ಪೊಟ್ಟಣ ಮೇಜಿನ ಮೇಲಿಟ್ಟರು. ಅದರೊಳಗಿಂದ ಕಿವಿ ಕಾಣುತ್ತಿತ್ತು. ಬಲಗಿವಿಯಲ್ಲಿ ಒಂದು ತೂತು, ಎಡಗಿವಿಯಲ್ಲಿ ಎರಡು.

"ನಿನ್ನೆ ನೀನು ಹೋದ ಮೇಲೆ ಕೊಯ್ದು ನೋಡಿದೆ. ನಾಳ ಪೂರ್ತಿ ಕಟ್ಟಿತ್ತು. ಔಷಧ ಕೆಲಸ ಮಾಡಲ್ಲ ಕಣಯ್ಯ. ಮುಚ್ಚಳ ತೆರೆದಿಟ್ಟವನು ನಾನೇ."

"ಯಾಕೆ ಸಾರ್?"

"ಇಲಿ ತಪ್ಪಿಸಿಕೊಳ್ತು, ಇನ್ನೊಂದು ವರ್ಷ ಕೊಡಿ ಅಂತ ಕೇಳ್ತಿದ್ದೆ. ಕೊಡ್ತಿದ್ರು. ನೀನು ಬೆಳಿಗ್ಗೆ ಬಂದು ಇಲಿ ಇಲ್ಲ ಅಂದಿದ್ರೆ ಸಾಕಿತ್ತು. ನಿನಗೆ ನಾಲ್ಕು ಬೈಗುಳ ಬೀಳ್ತಿತ್ತು, ಫೈಲಿಗೆ ಸಹಿ ಬೀಳ್ತಿತ್ತು."

"ಈಗ ನಿಜ ಹೇಳಿಬಿಡೋಣ ಸಾರ್."

"ಹೇಳು. ಇಲಿ ಬದಲಾಯಿಸಿದ್ದು ಯಾರು ಅಂತ ಕೇಳ್ತಾರೆ, ಅದನ್ನೂ ಹೇಳು."

ಇಲಿಮಾವ ಹೇಳಲಿಲ್ಲ.

ಶುಕ್ರವಾರ ಪ್ರೊಫೆಸರ್ ಹೋದರು, ಇದಕ್ಕಿಂತ ದೊಡ್ಡ ಸಂಸ್ಥೆಯ ಇದಕ್ಕಿಂತ ದೊಡ್ಡ ಕುರ್ಚಿಗೆ. ಬೀಳ್ಕೊಡುವಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸ್ಟೋರಿನವ. ಸೋಮವಾರ ಬೆಳಿಗ್ಗೆ ಏಳೂವರೆಗೆ ಇಲಿಮಾವ ದೀಪ ಹಾಕಿದ. ಮೊದಲ ಗುಳಿಗೆಯನ್ನು ನೀರಿನೊಂದಿಗೆ ನುಂಗಿದ. ಹದಿನೇಳನೇ ಪೆಟ್ಟಿಗೆಯ ಮುಚ್ಚಳವನ್ನು ತಾನೇ ತೆಗೆದು, ಬಾಗಿಲನ್ನೂ ಅರ್ಧ ತೆರೆದಿಟ್ಟು, ಗೋಡೆಯ ಕಡೆ ತಿರುಗಿ ಕೂತ. ಏದುಸಿರು ಒಂದು ಹದಕ್ಕೆ ಬರುವ ಹೊತ್ತಿಗೆ ಹದಿನೇಳು ಹೋಗಿತ್ತು.